ಮೊಮ್ಮಗಳ ಮಾತಿಗೆ ನಾನೇ ದುಭಾಷಿ

ಮಾತು ಕಲಿಯುವ ಮಗುವಿರುವ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ನಾನು ಮೈಸೂರಿನ ಕಡೆಯವಳು. ಮದುವೆಯಾಗಿ ಬೆಳಗಾವಿ ಕಡೆಯ ಮೂಡಲಗಿಗೆ ಬಂದು ಮುದುಕಿಯಾದೆ. ಮೊಮ್ಮಗಳಿಗೆ ನಾಲ್ಕು ತುಂಬಿತ್ತು. ಅವಳ ಮಾತು ತಿಳಿಯುತ್ತಿದ್ದುದು ನನಗೊಬ್ಬಳಿಗೇ. ಜೂನ್‌ನಲ್ಲಿ ಶಾಲೆ. ಅಲ್ಲಿ ಒಂದಕ್ಕೆ ಅವಸರವಾದರೆ ಯಾರಿಗೆ ಹೇಳುತ್ತಾಳೆ, ಹೇಳಿದರೂ ಯಾರಿಗೆ ತಿಳಿಯುತ್ತದೆ?

ಬಜೆ ಬೇರು

ಪಕ್ಕದ ಮನೆಯ ಮುದುಕಿ, ಎಲ್ಲರೂ ಕಾಕೂ ಅನ್ನುವವರು, ಬಂದರು. "ಬಜಿ ಬೇರು ತೇಯ್ದು, ಜೇನಿನಾಗ ಕಲಿಸಿ ನಾಲಿಗಿಗೆ ಹಚ್ರಿ. ಮಾತು ತಾನ ತಿಳಿ ಆಗ್ತಾವ."

ದಿನಾ ಬೆಳಿಗ್ಗೆ ಅವರೇ ಬಂದು ಹಚ್ಚಿದರು. ಮಾತೇನೂ ತಿಳಿಯಾಗಲಿಲ್ಲ. ಆದರೆ ಜೇನಿನ ರುಚಿ ಹತ್ತಿದ ಹುಡುಗಿ, ಯಾವ ಮುದುಕಿ ಮನೆಗೆ ಬಂದರೂ ಎದುರು ನಿಂತು ನಾಲಿಗೆ ಚಾಚತೊಡಗಿದಳು.

ಕಿವಿ

"ಮದಲ ಕಿವಿ ತೋರಿಸ್ಕೊಂಡ ಬರ್ರಿ," ಎಂದರು ಅಂಗನವಾಡಿ ಟೀಚರ್.

ನಮ್ಮ ಯಜಮಾನರಿಗೆ ರೇಗಿತು. "ಈಕಿ ಅಪ್ಪನೂ ತಡಾ ಮಾಡೇ ಮಾತಾಡ್ಯಾನ. ನಮ್ಮ ವಂಶದಾಗ ಕಿವಿ ಗಟ್ಟಿ ಅದಾವ." ಆದರೂ ಗೋಕಾಕದ ಕಿವಿ ಡಾಕ್ಟರ ಬಳಿಗೆ ಜೊತೆಗೆ ಬಂದರು.

ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕುವುದೇ ಪರೀಕ್ಷೆ. ಮಗು ಆಟವೆಂದುಕೊಂಡು ಒಂದನ್ನೂ ತಪ್ಪಿಸಲಿಲ್ಲ. ಮುಗಿದ ಮೇಲೆ ಡಾಕ್ಟರು, "ಅಜ್ಜಾರ, ಏಳ್ರಿ, ಆತು," ಎಂದರು. ಇವರು ಅಲ್ಲಾಡಲಿಲ್ಲ. ಮತ್ತೆ ಕೂಗಿದರು. ಕೊನೆಗೆ ಮೊಮ್ಮಗಳೇ ಧೋತರ ಹಿಡಿದು ಜಗ್ಗಿದಳು.

ಡಾಕ್ಟರು ನನ್ನತ್ತ ತಿರುಗಿದರು. "ಕೂಸಿನ ಕಿವಿ ಚಲೋ ಅದಾವ್ರಿ. ಅಜ್ಜಾರು ಇಲ್ಲೇ ಕೂತಿರ್ಲಿ, ಮುಂದಿನ ಪಾಳಿ ಅವರದ."

ಹೊರಗೆ

ಕಿವಿ ಸರಿ ಇದ್ದರೆ ಮತ್ತೇನು? ಅದೇ ಊರಲ್ಲಿ ಮಾತು ತಿದ್ದುವ ಮೇಡಂ ಇದ್ದರು, ಡಾಕ್ಟರು ಅವರ ಬಳಿಗೆ ಕಳಿಸಿದರು.

"ಪುಟ್ಟಿ, ಮುಂಜಾನೆ ಏನ್ ತಿಂದಿ?"

"ಉಪ್ಪಿಟ್ಟು," ಎಂದೆ ನಾನು.

"ಮನಿಯಾಗ ಯಾರ್ಯಾರು ಅದಾರ?"

ಅದನ್ನೂ ನಾನೇ ಹೇಳಿದೆ. ಮೇಡಂ ಪೆನ್ನು ಕೆಳಗಿಟ್ಟು, "ಅಜ್ಜಿ, ನೀವು ಸ್ವಲ್ಪ ಹೊರಗ ಕೂಡ್ರಿ," ಎಂದರು.

ಬಾಗಿಲ ಸಂದಿಯಿಂದ ಕೇಳಿದರೆ ಒಳಗೆ ಹುಡುಗಿ ಬಿಡುವಿಲ್ಲದೆ ಮಾತಾಡುತ್ತಿದ್ದಾಳೆ. ನನಗೇ ಸೋಜಿಗ.

ಮತ್ತೆ ಕರೆದು ಮೇಡಂ ಹೇಳಿದರು: "ನಾಲ್ಕು ವರ್ಷದ ಕೂಸಿನ ಮಾತು ಹೊರಗಿನವರಿಗೂ ತಿಳೀಬೇಕ್ರಿ. ಈಕೀಗಿ 'ರ'ದಂಥಾ ಕೆಲವು ಅಕ್ಷರಕ್ಕ ನಾಲಿಗಿ ಹೊಳ್ಳವಲ್ದು, ವಾರಕ್ಕೊಮ್ಮಿ ಕರಕೊಂಡ ಬರ್ರಿ, ಕಲಿಸೋಣು. ಆದ್ರ ಮನಿಯಾಗ ಆಕಿ ಬಾಯಿ ತಗಿಯೂತನಕ ನೀವು ಕಾಯಬೇಕು." ಆಮೇಲೆ ಅವಳ ಕಡೆ ಬಗ್ಗಿ, "ಮನಿಯಾಗ ಯಾಕ ಹಿಂಗ ಮಾತಾಡಂಗಿಲ್ಲ?" ಎಂದು ಕೇಳಿದರು.

"ಅವಳಿಗೆ ನಾಚಿಕೆ ಕಣಮ್ಮ," ಎಂದೆ.

ಮೊಮ್ಮಗಳು ನನ್ನನ್ನು ನೋಡಿದಳು. ಬಾಗಿಲ ಕಡೆ ಬೆರಳು ತೋರಿಸಿದಳು.

"ಅಜ್ಜಿ, ಹೊಲಗ."

ಮೇಡಂಗೂ ತಿಳಿಯಿತು, ಆಚೆ ಬೆಂಚಿನ ಮೇಲಿದ್ದ ನಮ್ಮ ಯಜಮಾನರಿಗೂ ತಿಳಿಯಿತು. ಶಾಲೆಯ ಚಿಂತೆ ಅಲ್ಲಿಗೆ ಅರ್ಧ ಕಳೆಯಿತು. ನಾನು ಎದ್ದು ಹೊರಗೆ ಹೋದೆ.