ಗಲ್ಲ ಒಂದು ಗುಲಗಂಜಿ ಎಡಕ್ಕೆ

ಲಿಖಿತಾ, ಚಿರಂತ್, ಗಂಜಾಂನಲ್ಲಿ ನಿಮ್ಮ ಚಿಕ್ಕತಾತ ಕೆಡಿಸದ ಮುಖ ಒಂದಾದರೂ ಉಳಿದಿತ್ತೆಂದರೆ, ಅದು ಹೋದ ವಾರದವರೆಗೆ ನನ್ನದೊಂದೇ! ಅವನು ನನ್ನ ಮೈದುನ, ನನಗಿಂತ ಚಿಕ್ಕವನು. 'ಅವನು' ಎಂದೇ ಬರೆಯುತ್ತೇನೆ. ಸಿಟ್ಟಿನಲ್ಲಿರುವಾಗ ನನಗೆ ಬಹುವಚನ ಬರುವುದಿಲ್ಲ.

ವಯಸ್ಸೆಲ್ಲ ನಿಮ್ಮ ತಾತನ ಜೊತೆ ಚಿನ್ನದ ಕೆಲಸ ಮಾಡಿದವನು. ಕಣ್ಣಿನ ಪೊರೆ ತೆಗೆಸಿಕೊಂಡು ಬಂದವನೇ, ಹೊಸ ಕಣ್ಣು ಬಂತೆಂದು ಕ್ಯಾಮೆರಾ ಕೊಂಡ. ಮನುಷ್ಯರ ಮುಖ ತೆಗೆಯುವುದನ್ನು ಕಲಿಯುತ್ತಾನಂತೆ! ಇದಕ್ಕೆ ಕಾರಣ ನೀವೇ. ಗೋಡೆಯ ಮೇಲಿರುವ ನಿಮ್ಮ ತಾತನ ಫೋಟೊ ವೋಟರ್ ಕಾರ್ಡಿನದು, ದೊಡ್ಡದು ಮಾಡಿಸಿದ್ದು. ಅದನ್ನು ನೋಡಿ "ತಾತ ಕಳ್ಳನ ಥರ ಯಾಕಿದ್ದಾರೆ?" ಎಂದು ಕೇಳಿದಿರಿ. ಅಂದಿನಿಂದ ಇವನದು ಒಂದೇ ಹಟ: "ಅಣ್ಣನ್ ಮುಖ ಅಂತೂ ಹೋಯ್ತು. ಅತ್ಗೆ, ನಿಮ್ದಾದ್ರೂ ಮಕ್ಳಿಗೆ ಉಳೀಬೇಕು." ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುವವಳು ನಾನು. ಒಪ್ಪುತ್ತೇನೆಯೇ?

ನಾನು ಸಿಗದಿದ್ದಕ್ಕೆ ಊರವರ ಮೇಲೆ ಕಲಿತ. ಕಿಟಕಿಯ ಪಕ್ಕ ಅವರನ್ನು ಕೂರಿಸಿ, ಹಿಂದೆ ಪರದೆಗೆಂದು ನನ್ನ ಕಪ್ಪು ರೇಷ್ಮೆ ಸೀರೆ ಕಟ್ಟಿದ. ಕೇಳದೆ! ಮೊಳೆ ಹೊಡೆದು! ಮುಖದ ಇನ್ನೊಂದು ಪಕ್ಕಕ್ಕೂ ಬೆಳಕು ಬೀಳಲೆಂದು ಅವನ ಬಿಳಿ ಪಂಚೆ ಹಿಡಿದು ನಿಲ್ಲುವ ಕೆಲಸ ನನಗೆ. ಅಪ್ಪಣೆಯೋ, ಚಿನ್ನ ತೂಗುವ ಗುಲಗಂಜಿ ಲೆಕ್ಕದಲ್ಲಿ!

"ಗಲ್ಲ ಒಂದ್ ಗುಲಗಂಜಿ ಎಡಕ್ಕೆ. ಹುಬ್ಬು ಅರ್ಧ ಗುಲಗಂಜಿ ಮೇಲಕ್ಕೆ."

ಪಕ್ಕದ ಮನೆಯ ಗೌಡರು ಎದ್ದೇಬಿಟ್ಟರು. "ಲೇ, ಇದು ಮೂತಿ ಕಣ್ಲಾ, ಮೂಗ್ಬಟ್ಟಲ್ಲ! ತೂಗಿದ್ದು ಸಾಕು, ಬುಡ್ಲಾ!"

ಪಾಂಡವಪುರದ ಬೀಗರ ಮನೆಯಲ್ಲಿ ಇನ್ನೂ ಚೆಂದ. ಹಲ್ಲಿಲ್ಲದ ಬೀಗಿತ್ತಿಗೆ "ನಗೀ, ಬಾಯ್ತುಂಬ ನಗೀ!" ಎಂದು ಗದರಿದ. ಬಾಯಿಗೆ ಸೆರಗು ಹಿಡಿದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಊಟಕ್ಕೂ ಯಾರೂ ಕರೆಯಲಿಲ್ಲ! ಒಬ್ಬಟ್ಟಿನ ವಾಸನೆ ಕುಡಿದು ಬಸ್ಸು ಹತ್ತಿದೆವು.

"ಕ್ಯಾಮೆರಾ ಕಲ್ತೆ," ಎಂದು ದಾರಿಯುದ್ದಕ್ಕೂ ಬೈದೆ. "ಮನುಷ್ಯರತ್ರ ಮಾತಾಡೋದು ಯಾವಾಗಪ್ಪ ಕಲಿಯೋದು?"

ಬೈಗುಳ ನಾಟಿತೋ ಏನೋ, ಆಮೇಲೆ ಯಾರಿಗೂ ನಗಿ ಎನ್ನಲಿಲ್ಲ. ಗೌಡರನ್ನು ಮತ್ತೆ ಕರೆತಂದು, ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು, ಅವರು ಸಾಕಿದ್ದ ಎತ್ತುಗಳ ಮಾತು ತೆಗೆದ. ಎತ್ತಿನ ಹೆಸರು ಅವರ ಬಾಯಿಗೆ ಬಂದಾಗ ಗುಂಡಿ ಒತ್ತಿದ. ಫೋಟೊ ನೋಡಿದ ಗೌಡರ ಹೆಂಡತಿ, "ಇಷ್ಟ್ ಚೆಂದಾಗಿ ನನ್ನ ಒಂದಿನಾನೂ ನೋಡಿಲ್ಲ ಈಯಪ್ಪ" ಎಂದರು.

ಹೋದ ವಾರ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಬಂದು ಎದುರಿಗೆ ಕುಳಿತ.

"ಏನೇ ಅನ್ನಿ ಅತ್ಗೆ, ಅಣ್ಣನ್ ಕೈಲಿ ಒಂದ್ ಬಳೇನೂ ದುಂಡುಗೆ ಬತ್ತಿರ್ಲಿಲ್ಲ."

"ಏನಂದೆ? ಅವ್ರ ಕೈಕೆಲ್ಸಕ್ಕೆ ಕೆ.ಆರ್.ಪೇಟೆಯಿಂದ ಬಂದು ಕಾಯ್ತಿದ್ರು ಜನ! ನೀನು..."

ಟಕ್!

ಕ್ಯಾಮೆರಾದಲ್ಲಿ ನೋಡಿದರೆ ಸೆರಗು ಜಾರಿದೆ, ಕಣ್ಣು ಕೆಂಡ. "ಅಳ್ಸು ಅದನ್ನ!" ಎಂದು ಕೂಗಿದೆ.

"ಅಳುಸ್ಬುಡ್ತೀನಿ. ನಿಮ್ಗೆ ಸಿಟ್ ಬರ್ಲಿ ಅಂತ್ಲೇ ಸುಳ್ಳಾಡ್ದೆ. ಅಣ್ಣ ಕುಲುಮೆ ಊದ್ತಾ ಹೇಳೋನು, ನಿಮ್ಮತ್ಗೆ ಸಿಟ್ ಮಾಡ್ಕಂಡಾಗ ನೋಡ್ಬೇಕು ಕಣ್ಲಾ, ಮೂಸೇಲಿ ಚಿನ್ನ ಕರಗ್ದಂಗೆ ಹೊಳೀತಾಳೆ ಅಂತ. ಆ ಮುಖಾನೇ ಮಕ್ಳಿಗೆ ಇರ್ಲಿ ಅಂದ್ಕಂಡೆ."

ನೋಡಿದಿರಾ ಮಕ್ಕಳೇ! ಇಷ್ಟು ವರ್ಷ ಸಂಸಾರ ಮಾಡಿ ನನ್ನೆದುರು ಒಂದು ದಿನವೂ ಆಡದ ಮಾತನ್ನು ನಿಮ್ಮ ತಾತ ಇವನ ಹತ್ತಿರ ಆಡಿದ್ದಾರೆ. ಸಿಟ್ಟು ಬಾರದೆ ಇರುತ್ತದೆಯೇ? ಆ ಸಿಟ್ಟಿನಲ್ಲೇ ಒಳಗೆ ಹೋಗಿ, ವೋಟರ್ ಕಾರ್ಡಿನ ಕಳ್ಳನ ಮುಂದೆ ತುಂಬ ಹೊತ್ತು ನಿಂತೆ. ಅಳಿಸು ಎಂದು ಮತ್ತೆ ಹೇಳುವುದು ಮರೆತೇಹೋಯಿತು.

ಆ ಫೋಟೊ ಈ ಹಾಳೆಗಳ ನಡುವೆ ಇದೆ. ಮೊಳೆಯ ತೂತು ಬಿದ್ದ ಕಪ್ಪು ಸೀರೆಯಲ್ಲಿ ಎಲ್ಲವನ್ನೂ ಸುತ್ತಿಟ್ಟಿದ್ದೇನೆ. ಜೋಪಾನ ಮಾಡಿ. ಫೋಟೊ, ಹಾಳೆ, ಸೀರೆ, ಒಂದರಿಂದ ಒಂದನ್ನು ಬೇರೆ ಮಾಡಬೇಡಿ.