ಮಾಸ್ತರರ ಚೀನಿ ಪಾಠ

ಆಗ ನನಗೆ ಅರವತ್ತಾರು. ಇದಾಗಿ ಏಳು ವರ್ಷ. ನಮ್ಮ ಮನೆಯವರಿಗೆ ತಲೆ ಕೆಟ್ಟಿದೆಯೆಂದು ಸಂಪಗಾಂವದ ಅರ್ಧ ಊರು ಹೇಳುತ್ತಿತ್ತು. ಉಳಿದರ್ಧ ಊರಿಗೆ ನಾನೇ ಹೇಳಿದೆ!

ಹೇಳದೆ ಏನು ಮಾಡಲಿ? ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿ ಮನೆಗೆ ಬಂದ ಮನುಷ್ಯ ಚೀನಿ ಭಾಷೆ ಓದಲು ಕುಳಿತರೆ! ಬೈಲಹೊಂಗಲದಿಂದ ಹತ್ತಿಗೆ ಔಷಧ ಹೊಡೆಯುವ ಪಂಪು ತಂದಿದ್ದರು. ಡಬ್ಬಿಯೊಳಗಿನ ಕಾಗದದ ತುಂಬ ಚೀನಿ ಅಕ್ಷರ.

"ನನ್ನ ಮನಿಯೊಳಗ ನನಗ ಓದಾಕ ಬರದ ಕಾಗದ ಐತಿ ಅಂದ್ರ ಏನರ್ಥ?" ಎಂದರು.

"ನನಗ ಯಾವ ಕಾಗದಾನೂ ಬರೂದಿಲ್ಲ. ನಾ ಉಂಡು ಆರಾಮ ಇಲ್ಲೇನ್ರಿ?" ಎಂದೆ.

ಅದು ಸುಳ್ಳಲ್ಲ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವರ ಹೆಂಡತಿ ನಾನು. ಬ್ಯಾಂಕಿನಲ್ಲಿ ಒತ್ತುತ್ತಿದ್ದುದು ಹೆಬ್ಬೆಟ್ಟು. ಮದುವೆಯಾದ ವರ್ಷ ನನಗೂ ಪಾಟಿ ಹಿಡಿಸಿದ್ದರು. 'ಅ' ಸೊಟ್ಟಾಯಿತೆಂದು ಬೆರಳ ಗೆಣ್ಣಿಗೆ ಅಳತೆಪಟ್ಟಿಯಿಂದ ಹೊಡೆದರು. ನಾನು ಪಾಟಿಯನ್ನು ಒಲೆಗೆ ಹಾಕಿದೆ. ಕಲ್ಲಿನ ಪಾಟಿ, ಸುಡಲಿಲ್ಲ. ಕಟ್ಟಿಗೆಯ ಚೌಕಟ್ಟು ಚೆನ್ನಾಗಿ ಉರಿಯಿತು. ಆಮೇಲೆ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊಮ್ಮಗಳು ಮೊಬೈಲಿನಲ್ಲಿ ಹೊಸಬರಿಗೆಂದೇ ಮಾಡಿದ ಸುಲಭ ಓದಿನ ಪಾಠ ಹಾಕಿಕೊಟ್ಟಳು. ಎಷ್ಟು ಸುಲಭ? 'ಇದು ನಾಯಿ. ನಾಯಿ ದೊಡ್ಡದು.' ಇಷ್ಟೇ! ಕಟ್ಟೆಯ ಮೇಲೆ ಕುಳಿತು ಇಷ್ಟನ್ನೇ ಒಂದು ತಿಂಗಳು ಚೀನಿಯಲ್ಲಿ ಒದರಿದರು, ಹಿಂದೆಯೇ ಕನ್ನಡದಲ್ಲಿ ಅರ್ಥ ಹೇಳಿದರು. ನೆರೆಮನೆಯ ಗೌರವ್ವ ದಿನಾ ಕೇಳುವಳು: "ಅಕ್ಕಾರ, ಮಾಸ್ತರ ನಾಯಿ ಸಣ್ಣದಾತೇನ್ರಿ?"

"ಇಲ್ಲವಾ, ಇನ್ನೂ ದೊಡ್ಡದ ಐತಿ."

ಆರು ತಿಂಗಳಿಗೆ ಪಂಪಿನ ಕಾಗದದಲ್ಲಿ ಒಂದು ಅಕ್ಷರದ ಗುರುತು ಸಿಕ್ಕಿತು. ಕುಣಿದರು!

"ನೀರು! ಪಂಪಿನ್ಯಾಗ ನೀರ ಹಾಕಬೇಕಂತ!"

"ಇಷ್ಟ ದಿನ ಏನ್ ಮಜ್ಜಿಗಿ ಹಾಕತಿದ್ರೇನ್ರಿ?"

ಇನ್ನು ಬರೆಯುವುದನ್ನಂತೂ ಕೇಳಬೇಡಿ. ಚೀನಿಯವರ 'ಬಾಯಿ' ಎಂದರೆ ಬರೀ ಒಂದು ಚೌಕ. ಎಡಗಡೆಯ ಗೆರೆ ಮೊದಲು, ಕೆಳಗಿನದು ಕೊನೆಗೆ. ಇವರು ಮೊಬೈಲಿನ ಮೇಲೆ ಬೆರಳಿಟ್ಟು ಒಂದೇ ಎಳೆತಕ್ಕೆ ಸುತ್ತಿಬಿಡುವರು. ತಪ್ಪೆಂದು ಅದು ಟೊಂಯ್ ಎಂದು ಕೆಂಪಾಗುವುದು. ಒಂದು ಸಂಜೆ ಹದಿನೇಳು ಸಲ ಕೆಂಪಾಯಿತು. ನನಗೆ ತಡೆಯಲಾಗಲಿಲ್ಲ. ಅರವತ್ತು ವರ್ಷ ರಂಗೋಲಿ ಹಾಕಿದ ಕೈ ನನ್ನದು. ಯಾವ ಗೆರೆ ಮೊದಲೆಂದು ಒಮ್ಮೆ ನೋಡಿದರೆ ಸಾಕು. ಬೆರಳಿಟ್ಟು ಎಳೆದೆ. ಹಸಿರು!

ನಗಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ.

"ಪಂಪಿನ ಕಾಗದ ಒಂದ ನೆವ," ಎಂದರು. "ಏನೂ ಬರದವರಿಗೆ ಅಕ್ಷರ ಹೆಂಗ ಕಾಣಸ್ತಾವ ಅಂತ ನನಗ ಗೊತ್ತ ಇರಲಿಲ್ಲ. ಮೂವತ್ತೆರಡ ವರ್ಷ ಕಲಿಸಿದರೂ ಗೊತ್ತ ಇರಲಿಲ್ಲ. ನಿನಗ ಅವತ್ತ ಹೊಡೀಬಾರದಿತ್ತು."

ರೊಟ್ಟಿ ಬಡಿಯುವುದಿತ್ತು, ಬಡಿದೆ.

ಮರುದಿನ ಬೆಳಿಗ್ಗೆ ಅಂಗಳ ಸಾರಿಸಿ, ರಂಗೋಲಿ ಹಾಕಿ, ಪಕ್ಕದಲ್ಲಿ ಒಂದು ಮೊಳ ಜಾಗ ಬಿಟ್ಟೆ. ಅವರನ್ನು ಕರೆದು ರಂಗೋಲಿಯ ಬಟ್ಟಲನ್ನು ಕೈಗೆ ಕೊಟ್ಟೆ.

"'ಅ' ಯಾವ ಕಡಿಂದ ಸುರು ಮಾಡೂದು, ತೋರಸ್ರಿ," ಎಂದೆ. "ಅಳತಿಪಟ್ಟಿ ಒಳಗ ಇರಲಿ."