ಮಾವನ ರೈಫಲ್ಲಿನ ಉಕ್ಕಿನ ಪಟ್ಟಿ

ಪಟ್ಟಿಗೆ ಸ್ಕ್ರೂ ಎರಡೇ ಇದ್ದವು ಎಂದು ಬರೆಯಹೊರಟೆ. ಹೆಂಡತಿ ಸುಮತಿ ಮೂರು ಎನ್ನುತ್ತಾಳೆ. ಬಿಚ್ಚಿದವನು ನಾನು, ಆದರೂ ಹೆದರಿದವನ ಎಣಿಕೆಯನ್ನು ಎಷ್ಟು ನಂಬುವುದು? ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ, ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಅನುಮಾನವಿಲ್ಲದ್ದು ಇಷ್ಟು: ಚುನಾವಣೆ ಘೋಷಣೆಯಾಗಿತ್ತು, ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಿತ್ತು, ಊಟಿಯಾಚೆ ಕುಂದಾ ಕಡೆಯ ಹಟ್ಟಿಯಲ್ಲಿರುವ ನನ್ನ ಮಾವ ತಮ್ಮ ರೈಫಲ್ ಹೊತ್ತು ಒಂಬತ್ತೂವರೆಯ ಬಸ್ಸಿಗೆ ಹೊರಡಬೇಕಿತ್ತು.

ಅದು ಅವರ ಅಪ್ಪನದು, ಹಳೆಯ ಪಟಾಳಂ, ಅಂದರೆ ಸೈನ್ಯದ, ಮಾದರಿಯದು. ಮಾವ ಅದರಿಂದ ಗುಂಡು ಹಾರಿಸಿದ್ದನ್ನು ಕಂಡವರಿಲ್ಲ. ಕ್ಯಾರೆಟ್ ಪಾತಿಗೆ ಹಂದಿ ನುಗ್ಗಿದರೆ ಅದನ್ನು ಹೆಗಲಿಗೇರಿಸಿಕೊಂಡು ನಿಂತು ಬೈಯುತ್ತಾರೆ, ಅಷ್ಟೆ. ಕಳೆದ ಚುನಾವಣೆಯಲ್ಲಿ ಠಾಣೆಯ ರೈಟರ್, "ತಾತಾ, ಈ ವಯಸ್ಸಲ್ಲಿ ಇದೆಲ್ಲ ಯಾಕೆ? ಮುಂದಿನ ಸಲ ಒಂದು ಸ್ಕ್ರೂ ಸಡಿಲ ಇದ್ದರೂ ಲೈಸೆನ್ಸ್ ಕ್ಯಾನ್ಸಲ್‌ಗೆ ಬರೀತೀನಿ" ಎಂದಿದ್ದರಂತೆ. ಅಂದಿನಿಂದ ಮಾವನಿಗೆ ಹಂದಿಗಿಂತ ರೈಟರ್ ಭಯ ಹೆಚ್ಚು.

ಇಲ್ಲಿನ ಮಂಜಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಬಂದೂಕನ್ನು ಒಲೆಯ ಮೇಲೆ ತೂಗುಹಾಕುವುದು ವಾಡಿಕೆ. ಹಾಗಾಗಿ ಅದರ ಮೇಲೆ ಹೊಗೆಯ ಕಪ್ಪು. ಊಟಿಯಲ್ಲಿ ಕುರ್ಚಿಯಲ್ಲಿ ಕೂತು ಆಫೀಸು ಕೆಲಸ ಮಾಡುವ ನಾನು, ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ ಧೈರ್ಯದಲ್ಲಿ, "ಕೊಡಿ ಮಾವ, ಒರೆಸಿ ಕೊಡ್ತೀನಿ" ಎಂದೆ. ಗುಂಡಿಲ್ಲವೆಂದು ಎರಡು ಸಲ ನೋಡಿಕೊಂಡು, ನಳಿಗೆಯನ್ನು ಮರಕ್ಕೆ ಬಿಗಿದಿದ್ದ ಉಕ್ಕಿನ ಪಟ್ಟಿ ಬಿಚ್ಚಿದೆ. ಅದರಡಿ ಉಗುರಗಲದ, ಗಟ್ಟಿಯಾದ, ಕರಿಯ ಚೂರೊಂದಿತ್ತು. ಪಟ್ಟಿಗೂ ಮರಕ್ಕೂ ನಡುವೆ ಏನೂ ಇರಬಾರದು ಎಂದು ವಿಡಿಯೋದವನು ಒತ್ತಿ ಹೇಳಿದ್ದ. ಒಲೆಗೆ ಎಸೆದೆ. ಆಮೇಲೆ ಅವನು ಹೇಳಿದಂತೆಯೇ, ಅಕ್ಷರ ಕೊರೆದಿರುವ ಅಂಚು ನಳಿಗೆಯ ಬಾಯಿಯ ಕಡೆಗಿರುವಂತೆ, ಪಟ್ಟಿ ಕೂರಿಸಿ ಸ್ಕ್ರೂ ತಿರುಗಿಸಿದೆ. ಎಲ್ಲವೂ ಸರಿಯಾಗಿತ್ತು. ಎತ್ತಿದರೆ ಟಕಟಕ ಎಂದಿತು.

ವಿಡಿಯೋದವನ ಮನೆಯಲ್ಲಿ ಒಲೆಯಿರಲಿಲ್ಲ. ಇಷ್ಟು ವರ್ಷದ ಬಿಸಿಗೆ ಈ ಮರ ಒಣಗಿ ಸಣ್ಣದಾಗಿತ್ತು; ನಾನು ಕಸವೆಂದುಕೊಂಡದ್ದೇ ಅದನ್ನು ಬಿಗಿಯಾಗಿ ಹಿಡಿದಿತ್ತು. ಒಲೆಗೆ ಬಗ್ಗಿದೆ. ಬರೀ ಬೂದಿ.

"ಮಾಪ್ಳೆ, ಆಯ್ತಾ?" ಅಂಗಳದಲ್ಲಿ ಮಾವ ತಲೆಗೆ ವಸ್ತ್ರ ಸುತ್ತುತ್ತಿದ್ದರು; ಅಳಿಯನಾದ ನನ್ನನ್ನು ಅವರು ಕರೆಯುವುದು ಹಾಗೆ.

"ಆಗ್ತಾ ಬಂತು ಮಾವ!"

ಸುಮತಿ ಬಾಗಿಲಲ್ಲಿ ನಿಂತಳು. "ಏನ್ ಮಾಡಿದ್ರಿ?"

"ಏನೂ ಇಲ್ಲ."

"ಹಾಗಂದ್ರಿ ಅಂದ್ರೆ ದೊಡ್ಡದೇ ಏನೋ ಇದೆ. ಬಸ್ಸು ಮೇಲಿನ ತಿರುವಿಗೆ ಬಂತು, ಹಾರ್ನ್ ಕೇಳ್ತಿಲ್ವಾ?"

ರಟ್ಟು ತುರುಕಿದೆ, ನುಜ್ಜಾಯಿತು. ಬಟ್ಟೆ ತುರುಕಿದೆ, ಬಾಲದಂತೆ ಹೊರಗೆ ಇಣುಕಿತು. ಸುಮತಿ ಕತ್ತರಿ ತಂದು ನನ್ನ ಸೊಂಟದ ಕಡೆ ಕೈ ಮಾಡಿದಳು. ಬೆಲ್ಟಿನ ತುದಿ ಕತ್ತರಿಸಿದೆವು. ನನ್ನ ಹೊಟ್ಟೆಗೆ ಆ ತುದಿ ಹೆಚ್ಚುವರಿಯೇನೂ ಆಗಿರಲಿಲ್ಲ, ಉಳಿದದ್ದು ಬಕಲಿಗೆ ಎಟುಕಲಿಲ್ಲ. ಚರ್ಮ ಒಳಗೆ ಕೂತಿತು, ಸ್ಕ್ರೂ ಕಚ್ಚಿತು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಮಾವನ ಜೊತೆ ಬಸ್ಸಿಗೆ ಓಡಿದೆ.

ಠಾಣೆಯಲ್ಲಿ ರೈಟರ್ ರೈಫಲ್ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ಸದ್ದಿಲ್ಲ. ಹೆಬ್ಬೆರಳಿನಿಂದ ಪಟ್ಟಿಯನ್ನು ಒತ್ತಿ ತಳ್ಳಿದರು. ಮಾವ ಉಸಿರು ಬಿಡಲಿಲ್ಲ. ನಾನಂತೂ ಬಿಡುವ ಸ್ಥಿತಿಯಲ್ಲೇ ಇರಲಿಲ್ಲ, ಬಿಟ್ಟರೆ ಪ್ಯಾಂಟು ಜಾರುತ್ತಿತ್ತು. ಪಟ್ಟಿ ಅಲುಗಲಿಲ್ಲ. "ಪರವಾಗಿಲ್ಲ ತಾತಾ, ನಿಮಗಿಂತ ಗಟ್ಟಿಯಾಗಿದೆ" ಎಂದು ರೈಟರ್ ರಸೀದಿ ಬರೆದರು. ಹಾಗೆಂದರೋ, "ನಿಮ್ಮಷ್ಟೇ" ಎಂದರೋ. ಮಾವ ನಕ್ಕದ್ದು ಮಾತ್ರ ನಿಜ.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ರಸೀದಿಯನ್ನು ಮಡಿಸುತ್ತ ಹೇಳಿದರು: "ಆ ಪಟ್ಟಿಯೊಳಗೆ ನಮ್ಮಪ್ಪ ಏನೋ ಇಟ್ಟಿದ್ರು, ಮಾಪ್ಳೆ. ಬಿಚ್ಚಬೇಡ ಅಂದಿದ್ರು. ನಾನೂ ಬಿಚ್ಚಿ ನೋಡಲಿಲ್ಲ. ನೀನೇನಾದ್ರೂ ಕಂಡ್ಯಾ?"

ಇಲ್ಲ ಎಂದೆ. ಅವರು ಕಿಟಕಿಯ ಕಡೆ ತಿರುಗಿದರು. ತಿಳಿದೇ ಕೇಳಿದರೋ, ಸುಮ್ಮನೆ ಕೇಳಿದರೋ ಗೊತ್ತಿಲ್ಲ. ನಾನು ಸುಟ್ಟದ್ದು ತೊಗಲೋ, ಮಡಿಸಿದ ಕಾಗದವೋ, ಕಾಗದವಾಗಿದ್ದರೆ ಅದರಲ್ಲಿ ಏನಾದರೂ ಬರೆದಿತ್ತೋ, ಅದೂ ಗೊತ್ತಿಲ್ಲ.